ಕಾರಿಗೂ ಒಬ್ಬ ಜಾಮೀನುದಾರ ಬೇಕು

ರಸ್ತೆ ಕಥೆಗಳು, ಭಾಗ 4

ಸ್ವಂತ ಕಾರಲ್ಲಿ ಬೇರೆ ದೇಶ ಸುತ್ತಬೇಕು ಅಂತ ನಿಮಗೂ ಆಸೆ ಇದೆಯಾ? ಹಾಗಾದ್ರೆ ಟೈರು, ಬ್ರೇಕು ಚೆಕ್ ಮಾಡ್ಸೋಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಹೋದ ಕಾರು ಆ ದೇಶ ಬಿಟ್ಟು ಹೊರಗೆ ಬಂದೇ ಬರುತ್ತೆ ಅಂತ ಜಾಮೀನು ನಿಲ್ಲೋರು ಯಾರು?

ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. 20ನೇ ಶತಮಾನದ ಶುರುವಿನಲ್ಲಿ ಯುರೋಪಿನ ಶ್ರೀಮಂತರು ಕಾರು ಹತ್ತಿ ದೇಶ ಸುತ್ತೋಕೆ ಹೊರಟರು. ಗಡಿಯಲ್ಲಿ ಕಸ್ಟಮ್ಸ್‌ನವರು ತಡೆದರು. ಅವರ ಕಣ್ಣಿಗೆ ಅದು ಪ್ರವಾಸಿಯ ಗಾಡಿ ಅಲ್ಲ, ಆಮದು ಸರಕು. ಸುಂಕ ಕಟ್ಟದೆ ಒಳಗೆ ತಂದು ಅಲ್ಲೇ ಮಾರಿಬಿಟ್ಟರೆ? ಅದಕ್ಕೇ ಸುಂಕದಷ್ಟು ದುಡ್ಡು ಡೆಪಾಸಿಟ್ ಇಡಿ, ಹೊರಗೆ ಹೋಗುವಾಗ ವಾಪಸ್ ತಗೊಳ್ಳಿ ಅಂದರು. ನಾಲ್ಕು ಗಡಿ ದಾಟಬೇಕಾದರೆ ನಾಲ್ಕು ಸಲ ಇದೇ ಪಾಡು.

1909ರ ಅಕ್ಟೋಬರ್ 11ರಂದು ಪ್ಯಾರಿಸ್‌ನಲ್ಲಿ ಮೋಟಾರು ವಾಹನಗಳ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯ್ತು. ಚಾಲಕನಿಗೂ ಗಾಡಿಗೂ ಎಲ್ಲ ಸದಸ್ಯ ದೇಶಗಳು ಒಪ್ಪುವ ಪ್ರಮಾಣಪತ್ರ, ಗಾಡಿಯ ಹಿಂದೆ ದೇಶದ ಅಕ್ಷರ ಬರೆದ ಮೊಟ್ಟೆಯಾಕಾರದ ಫಲಕ, ಜೊತೆಗೆ ನಾಲ್ಕೇ ನಾಲ್ಕು ಎಚ್ಚರಿಕೆ ಚಿಹ್ನೆ: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಇವತ್ತು ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನ ಬೇರು ಅಲ್ಲೇ ಇದೆ.

ಆದರೆ ಪರ್ಮಿಟ್ ಹೇಳೋದು ನಿಮಗೆ ಓಡಿಸೋಕೆ ಬರುತ್ತೆ ಅಂತ ಮಾತ್ರ. ಸುಂಕದ ಭಯಕ್ಕೆ ಮದ್ದು ಬಂದಿದ್ದು ಆಟೊಮೊಬೈಲ್ ಕ್ಲಬ್‌ಗಳಿಂದ. 'ನಮ್ಮ ಸದಸ್ಯ ತಪ್ಪಿದರೆ ದುಡ್ಡು ನಾವು ಕಟ್ತೀವಿ' ಅಂತ ಕ್ಲಬ್ಬೇ ಮುಂದೆ ನಿಂತಿತು. ಆ ಮಾತಿನ ಪುಸ್ತಕವೇ ಕಾರ್ನೆ, ಒಂಥರಾ ಕಾರಿನ ಪಾಸ್‌ಪೋರ್ಟ್. 1954ರಲ್ಲಿ ನ್ಯೂಯಾರ್ಕ್‌ನಲ್ಲಾದ ವಿಶ್ವಸಂಸ್ಥೆಯ ಒಪ್ಪಂದ ಖಾಸಗಿ ವಾಹನಗಳಿಗೆ ಈ ವ್ಯವಸ್ಥೆಯನ್ನ ಗಟ್ಟಿ ಮಾಡಿತು.

ಕಾಮರ್ಸ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 126ನೇ ಸೆಕ್ಷನ್ ನೆನಪಿಸಿಕೊಳ್ಳಿ. ಗ್ಯಾರಂಟಿ ಅಂದ್ರೆ ಮೂವರು: ಸಾಲಗಾರ, ಸಾಲ ಕೊಟ್ಟವನು, ಜಾಮೀನುದಾರ. ಇಲ್ಲಿ ನೀವು, ಕಸ್ಟಮ್ಸ್, ಕ್ಲಬ್. ಕ್ಲಬ್ಬೂ ಸುಮ್ಮನೆ ನಿಲ್ಲಲ್ಲ, ನಿಮ್ಮಿಂದ ಬ್ಯಾಂಕ್ ಗ್ಯಾರಂಟಿನೋ ಡೆಪಾಸಿಟ್ಟೋ ಇಸ್ಕೊಳ್ಳುತ್ತೆ. ಕೆಲವು ದೇಶಗಳಿಗೆ ಆ ಮೊತ್ತ ಕಾರಿನ ಬೆಲೆಗಿಂತಲೂ ಜಾಸ್ತಿ!

ಕಾರ್ನೆಯ ಪ್ರತಿ ಹಾಳೆಯಲ್ಲಿ ಮೂರು ಭಾಗ. ಒಳಗೆ ಹೋಗುವಾಗ ಒಂದು ಚೀಟಿ ಹರಿದುಕೊಳ್ತಾರೆ, ಹೊರಗೆ ಬರುವಾಗ ಇನ್ನೊಂದು. ನಿಮ್ಮ ಹತ್ರ ಉಳಿಯೋ ಭಾಗದಲ್ಲಿ ಎರಡೂ ಸೀಲ್ ಇರಲೇಬೇಕು. ಯುರೋಪಿನ ಬಹುತೇಕ ಕಡೆ ಈಗ ಇದರ ಗೊಡವೆ ಇಲ್ಲ. ಆದರೆ ಭಾರತದಿಂದ ಪಶ್ಚಿಮಕ್ಕೆ ರಸ್ತೆ ಹಿಡಿದರೆ ಸಿಗುವ ಇರಾನ್‌ನಂಥ ದೇಶದಲ್ಲಿ ಬೇಕೇ ಬೇಕು.

ಹಾಗಾಗಿ ನೆನಪಿಡಿ. ಊರು ಬಿಟ್ಟ ಖುಷಿಯಲ್ಲಿ ಒಳಗೆ ಹೋಗೋ ಸೀಲ್ ಯಾರೂ ಮರೆಯಲ್ಲ. ಸುಸ್ತಾಗಿ ಗಡಿ ದಾಟೋ ರಾತ್ರಿ ಹೊರಗೆ ಬರೋ ಸೀಲ್ ಮರೆತರೆ, ಕಾರು ನಿಮ್ಮ ಮನೆ ಮುಂದೆ ನಿಂತಿದ್ದರೂ ಕಾಗದದ ಲೆಕ್ಕದಲ್ಲಿ ಅದು ಇನ್ನೂ ಅಲ್ಲೇ ಇದೆ. ಸುಂಕದ ಬಿಲ್ ಕ್ಲಬ್ಬಿಗೆ ಬರುತ್ತೆ, ಅಲ್ಲಿಂದ ನೇರ ನಿಮ್ಮ ಡೆಪಾಸಿಟ್ಟಿಗೆ.

ರೋಡ್ ಟ್ರಿಪ್ ಕನಸು ಕಾಣೋ ಫ್ರೆಂಡಿಗೆ ಕಳಿಸಿ. ಮುಂದಿನ ಭಾಗ: ಒಂದೇ ಬೆಳಗ್ಗೆ ಎಡದಿಂದ ಬಲಕ್ಕೆ ಹೊರಳಿದ ಸ್ವೀಡನ್, 1967.

#ರಸ್ತೆಕಥೆಗಳು #ಕನ್ನಡದಲ್ಲಿಇತಿಹಾಸ