ಸ್ಪಿನೋಜಾ ಬೇಡವೆಂದ ಕೆಲಸ

1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಬರೂಕ್ ಸ್ಪಿನೋಜಾನನ್ನು ಪ್ರಾಧ್ಯಾಪಕ ಹುದ್ದೆಗೆ ಕರೆಯಿತು. ಆಗ ಅವನು ಹೇಗ್ ನಗರದ ಬಾಡಿಗೆ ಕೋಣೆಯಲ್ಲಿದ್ದ. ಮಸೂರ ಉಜ್ಜುವುದು ಅವನ ಕಸುಬು. ಆದರೂ ಹುದ್ದೆ ಬೇಡವೆಂದ. ಯಾಕೆ?

ಪೋರ್ಚುಗಲ್ ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ ವಲಸೆ ಬಂದ ಯಹೂದಿ ಕುಟುಂಬದಲ್ಲಿ 1632ರಲ್ಲಿ ಹುಟ್ಟಿದವನು ಅವನು. ಪರಊರಿನಲ್ಲಿ ಸ್ವಂತ ಸಮುದಾಯವೇ ಆಸರೆ. ಆ ಸಮುದಾಯವೇ 1656ರ ಜುಲೈ 27ರಂದು, 23ರ ಹರೆಯದ ಅವನಿಗೆ ಬಹಿಷ್ಕಾರ ಹಾಕಿತು: ಯಾರೂ ಅವನೊಡನೆ ಮಾತಾಡುವಂತಿಲ್ಲ, ಒಂದೇ ಸೂರಿನಡಿ ಇರುವಂತಿಲ್ಲ, ಅವನು ಬರೆದದ್ದನ್ನು ಓದುವಂತಿಲ್ಲ.

ಹೈಡೆಲ್‌ಬರ್ಗಿನ ಪತ್ರ ಚಿಂತನೆಗೆ ಪೂರ್ಣ ಸ್ವಾತಂತ್ರ್ಯದ ಭರವಸೆ ಕೊಟ್ಟಿತ್ತು. ಜೊತೆಗೇ, ಸ್ಥಾಪಿತ ಧರ್ಮವನ್ನು ಕದಡಲು ಅದನ್ನು ಬಳಸಲಾರಿರಿ ಎಂಬ ನಂಬಿಕೆಯನ್ನೂ ಸೇರಿಸಿತ್ತು. ಆ ಸ್ವಾತಂತ್ರ್ಯದ ಗಡಿ ಎಲ್ಲಿದೆಯೋ ತನಗೆ ತಿಳಿಯದು ಎಂದು ಸ್ಪಿನೋಜಾ ವಿನಯದಿಂದಲೇ ಉತ್ತರಿಸಿದ. ಯೋಚಿಸುವ ಸ್ವಾತಂತ್ರ್ಯದಿಂದ ನಾಡಿನ ಶಾಂತಿ ಕೆಡುವುದಿಲ್ಲ, ಅದನ್ನು ಕಿತ್ತುಕೊಂಡರೆ ಕೆಡುತ್ತದೆ ಎಂದು 1670ರಲ್ಲಿ ಹೆಸರು ಹಾಕದೆ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅವನೇ ವಾದಿಸಿದ್ದ.

1677ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡ. ದೇವರು ಬೇರೆ, ಪ್ರಕೃತಿ ಬೇರೆ ಅಲ್ಲವೆಂದ ಅವನ ‘ಎಥಿಕ್ಸ್’ ಅದೇ ವರ್ಷ ಗೆಳೆಯರ ಕೈಯಿಂದ ಹೊರಬಂತು.

ಆಫರ್ ಲೆಟರಿನಲ್ಲಿ ನಾವು ಮೊದಲು ಹುಡುಕುವುದು ಸಂಬಳದ ಸಾಲನ್ನು. ಅವನು ಷರತ್ತಿನ ಸಾಲಿನಲ್ಲೇ ನಿಂತುಬಿಟ್ಟ.