ಪಿಯೇವೆ: ಇಟಲಿಯ ಹಳ್ಳಿಯ ಇಗರ್ಜಿಗಳೂ ರೋಮಿನ ಯಾತ್ರಾಮಾರ್ಗವೂ

ಇಟಲಿಯ ತೊಸ್ಕಾನ ಪ್ರಾಂತದಲ್ಲಿಯೂ ಅದರ ಉತ್ತರದ ಸೀಮೆಗಳಲ್ಲಿಯೂ ‘ಪಿಯೇವೆ’ ಎಂಬ ಶಬ್ದದಿಂದ ಮೊದಲಾಗುವ ಊರುಗಳ ಹೆಸರುಗಳು ಹೇರಳವಾಗಿವೆ. ಈ ಶಬ್ದಕ್ಕೆ ಮೂಲವು ಲ್ಯಾಟಿನಿನ ‘ಪ್ಲೆಬ್ಸ್’, ಎಂದರೆ ಸಾಮಾನ್ಯ ಜನ. ಕ್ರೈಸ್ತಮತವು ಹಳ್ಳಿಗಾಡಿಗೆ ಹಬ್ಬಿದ ಮೇಲೆ, ಒಂದೇ ಕೊಳದಲ್ಲಿ ದೀಕ್ಷಾಸ್ನಾನವನ್ನು ಪಡೆಯುವ ಜನಸಮೂಹಕ್ಕೆ ಈ ಹೆಸರು ಸಂದಿತು. ಅನಂತರ ಆ ಸ್ನಾನಕೊಳವಿದ್ದ ಇಗರ್ಜಿಗೆ. ಕಡೆಗೆ ಇಗರ್ಜಿಯ ಸುತ್ತ ಬೆಳೆದ ಊರಿಗೆ. ಜನವಾಚಕವಾಗಿದ್ದ ಪದವು ಕಟ್ಟಡವನ್ನೂ ಸ್ಥಳವನ್ನೂ ಹೇಳುವಂತಾದ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲದೆ, ರೋಮಿಗೆ ಹೋಗುವ ಹಳೆಯ ಯಾತ್ರಾಮಾರ್ಗದ ಚರಿತ್ರೆಯು ಸರಿಯಾಗಿ ತಿಳಿಯಲಾರದು.

‘ವಿಯಾ ಫ್ರಾಂಚೀಜೆನ’, ಎಂದರೆ ಫ್ರಾಂಕರ ನಾಡಿನಿಂದ ಬರುವ ದಾರಿ, ಎಂಬುದು ಈ ಮಾರ್ಗದ ಹೆಸರು. ಆ ಹೆಸರು ಮೊಟ್ಟಮೊದಲು ಕಾಣುವುದು ಅಮಿಯಾತ ಬೆಟ್ಟದ ಮಠಕ್ಕೆ ಸೇರಿದ 876ನೆಯ ಇಸವಿಯ ಒಂದು ಚರ್ಮಪತ್ರದಲ್ಲಿ. ಆದರೆ ದಾರಿಯು ಅದಕ್ಕಿಂತ ಹಳೆಯದು. ಕರಾವಳಿಯೂ ಪೂರ್ವದ ಘಟ್ಟಗಳೂ ಬೈಜಾಂಟಿಯಮ್ಮಿನವರ ಕೈಯಲ್ಲಿದ್ದಾಗ, ಲೊಂಬಾರ್ಡ್ ಅರಸರು ಪೋ ನದಿಯ ಬಯಲಿನಿಂದ ತೊಸ್ಕಾನಕ್ಕೆ ಇಳಿಯಲು ಅಪೆನೈನ್ ಪರ್ವತಗಳ ‘ಮೊಂತೆ ಬಾರ್ದೋನೆ’ ಘಟ್ಟವನ್ನು ಬಳಸಿದರು. ಇಂದು ಚೀಸ ಎನ್ನುವ ಕಣಿವೆ ಇದೇ. ಸೈನ್ಯ ನಡೆದ ದಾರಿಯಲ್ಲಿ ಯಾತ್ರಿಕರೂ ವರ್ತಕರೂ ನಡೆದರು.

ಯಾತ್ರಿಕರು ಬಂದುದರಿಂದ ದಾರಿಯುದ್ದಕ್ಕೂ ಇಗರ್ಜಿಗಳು ಎದ್ದುವು ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಛತ್ರಗಳ ಮಟ್ಟಿಗೆ ಇದು ನಿಜ. ಪಿಯೇವೆಗಳ ಮಟ್ಟಿಗೆ ಇದನ್ನು ಹಿಂದುಮುಂದಾಗಿಸಬೇಕೆಂದು ನಮಗೆ ತೋರುತ್ತದೆ. ಅನೇಕ ಕಡೆ ಇಗರ್ಜಿಯೇ ಮೊದಲು; ದಾರಿ ಅದನ್ನು ಹುಡುಕಿಕೊಂಡು ಬಂದಿತು.

ಇದಕ್ಕೆ ಮೊದಲನೆಯ ಆಧಾರವು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕನ ದಾರಿಪಟ್ಟಿ. ಆತನು 990ರಲ್ಲಿ, ತನ್ನ ಪದವಿಯ ಚಿಹ್ನೆಯಾದ ಉತ್ತರೀಯವನ್ನು ಹದಿನೈದನೆಯ ಜಾನ್ ಪೋಪನಿಂದ ಪಡೆಯಲು ರೋಮಿಗೆ ಹೋಗಿದ್ದನು. ಹಿಂದಿರುಗುವಾಗಿನ 79 ತಾಣಗಳ ಪಟ್ಟಿಯು ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಉಳಿದಿದೆ. ಅದರಲ್ಲಿ ವರ್ಣನೆಯೇನೂ ಇಲ್ಲ. ಬರಿಯ ಸಂಖ್ಯೆ, ಹೆಸರು. ಆದರೂ ಎಲ್ಸಾ ನದಿಯ ಕಣಿವೆಗೆ ಬಂದಾಗ ಪಟ್ಟಿಯು ತಾನಾಗಿ ಮಾತನಾಡತೊಡಗುತ್ತದೆ. 18ರಿಂದ 22ರವರೆಗಿನ ಐದು ತಾಣಗಳೂ ಸಂತರ ಹೆಸರಿನವು: ಸಂತ ಮಾರ್ಟಿನ್, ಸಂತ ಜಿಮಿನ್ಯಾನೊ, ಕಿಯಾನ್ನಿಯ ಸಂತ ಮರಿಯ, ಕೊಯಾನೊವಿನ ಸಂತ ಪೇತ್ರ, ಸಂತ ದಿಯೊನೀಸಿಯ. ಕಡೆಯದು ಲಿಪಿಕಾರನ ಪ್ರಮಾದವೆಂದೂ ಅಲ್ಲಿ ಸಾನ್ ಜೆನೇಸಿಯೊ ಎಂದಿರಬೇಕೆಂದೂ ವಿದ್ವಾಂಸರು ನಿರ್ಣಯಿಸಿದ್ದಾರೆ.

ಈ ಐದರಲ್ಲಿ ಕಡೆಯ ಮೂರನ್ನು ಗಮನಿಸಬೇಕು. ಕಿಯಾನ್ನಿಯು ಇಂದಿನ ಗಾಂಬಾಸ್ಸಿ ಊರಿನ ಅಂಚಿನಲ್ಲಿದೆ. ಸಾನ್ ಜೆನೇಸಿಯೊ ಇದ್ದುದು ಸಾನ್ ಮಿನಿಯಾತೊ ಬೆಟ್ಟದ ಬುಡದಲ್ಲಿ. ಗಾಂಬಾಸ್ಸಿಯಿಂದ ಸಾನ್ ಮಿನಿಯಾತೊವಿಗೆ ಇಂದಿನ ಕಾಲ್ದಾರಿಯಲ್ಲಿ ಸುಮಾರು 24 ಕಿಲೋಮೀಟರು, ಒಂದು ಹಗಲಿನ ನಡಿಗೆ. ಅಷ್ಟರೊಳಗೆ ಮೂರು ಹೆಸರುಗಳು ಬಂದಿವೆ. ಪ್ರತಿಯೊಂದು ಹೆಸರೂ ಆರ್ಚ್‌ಬಿಷಪ್ಪನು ರಾತ್ರಿ ತಂಗಿದ ಸ್ಥಳವೆಂದು ತಿಳಿಯುವುದು ಈ ಭಾಗದಲ್ಲಿ ಕಷ್ಟ. ಕಾಡು, ಗುಡ್ಡ, ಕೆಸರುಗಳ ನಡುವೆ ದಾರಿಗನು ಕೇಳಿಕೊಂಡು ಹೋಗಬಹುದಾದ ಗುರುತುಗಳೇ ಈ ಇಗರ್ಜಿಗಳೆಂದು ಊಹಿಸುವುದು ಹೆಚ್ಚು ಸಮಂಜಸ. ಆ ಕಾಲದ ಮಾರ್ಗವು ರೋಮನರ ಕಲ್ಲುಹಾಸಿನ ರಾಜಮಾರ್ಗದಂತೆ ಒಂದೇ ಗೆರೆಯಾಗಿರಲಿಲ್ಲ. ಮಳೆ, ನೆರೆ, ಸುಂಕ, ಜಗಳಗಳಿಗೆ ತಕ್ಕಂತೆ ಅತ್ತಿತ್ತ ಸರಿಯುವ ಹಲವು ಜಾಡುಗಳ ಕಟ್ಟಾಗಿತ್ತು. ಆ ಕಟ್ಟಿನ ಗಂಟುಗಳೆಂದರೆ ಪಿಯೇವೆಗಳು.

ಎರಡನೆಯ ಆಧಾರವು ಇನ್ನೂ ಹಳೆಯದು, ಹೆಚ್ಚು ರಸವತ್ತಾದುದು. ಸಿಯೇನದ ಬಿಷಪ್ಪನಿಗೂ ಅರೆತ್ಸೊವಿನ ಬಿಷಪ್ಪನಿಗೂ ಕೆಲವು ಹಳ್ಳಿಯ ಇಗರ್ಜಿಗಳ ವಿಷಯದಲ್ಲಿ ವ್ಯಾಜ್ಯವಿತ್ತು. ಇಗರ್ಜಿಗಳಿದ್ದ ನೆಲ ಸಿಯೇನದ ಆಡಳಿತಕ್ಕೆ ಸೇರಿದುದು. ಮತಾಧಿಕಾರವನ್ನು ಅರೆತ್ಸೊ ನಡಸುತ್ತಿತ್ತು. 715ರಲ್ಲಿ ಲೊಂಬಾರ್ಡ್ ಅರಸನಾದ ಲಿಯುತ್‌ಪ್ರಾಂದನು ಗುಂತೆರಾಮನೆಂಬ ತನ್ನ ಅಧಿಕಾರಿಯನ್ನು ವಿಚಾರಣೆಗೆ ಕಳುಹಿಸಿದನು. ಆತನು ಪುರೋಹಿತರನ್ನೂ ಸಾಮಾನ್ಯ ಹಳ್ಳಿಗರನ್ನೂ ಕರೆಸಿ ಕೇಳಿದ ಪ್ರಶ್ನೆಗಳು ಸರಳವಾದುವು: ನಿಮ್ಮ ಪುರೋಹಿತನಿಗೆ ಪಟ್ಟಗಟ್ಟಿದವರಾರು? ದೀಕ್ಷೆಯ ಪವಿತ್ರತೈಲವು ನಿಮಗೆ ಎಲ್ಲಿಂದ ಬರುತ್ತದೆ? ಸಾಕ್ಷಿಗಳಲ್ಲಿ ಬಹುಮಂದಿ ಅರೆತ್ಸೊವನ್ನೇ ಹೇಳಿದರು. ರಾಜಕೀಯದ ಎಲ್ಲೆ ಒಂದು ಕಡೆ, ತೈಲದ ಕುಪ್ಪಿಯನ್ನು ಹೊತ್ತು ನಡೆದವರ ಕಾಲ ಜಾಡು ಇನ್ನೊಂದು ಕಡೆ. ನ್ಯಾಯಾಧೀಶರು ಎರಡನೆಯದನ್ನು ಪ್ರಮಾಣವೆಂದು ಹಿಡಿದರು. ವ್ಯಾಜ್ಯವೇನೋ ಮುಂದೆಯೂ ಶತಮಾನಗಳವರೆಗೆ ಮತ್ತೆ ಮತ್ತೆ ತಲೆಯೆತ್ತಿತು. ನಮಗೆ ಮುಖ್ಯವಾದುದು ಬೇರೆ. ವಿವಾದದಲ್ಲಿದ್ದ ಇಗರ್ಜಿಗಳಲ್ಲಿ ಒಸೆನ್ನದ ಸಾನ್ ಕ್ವಿರಿಕೊ ಒಂದು. 275 ವರ್ಷಗಳ ಅನಂತರ ಸಿಗೆರಿಕನ ಪಟ್ಟಿಯಲ್ಲಿ ಅದೇ 12ನೆಯ ತಾಣ. ತೀರ್ಪನ್ನು ಕೊಡಲು ಬಿಷಪ್ಪರು ಸಭೆ ಸೇರಿದುದು ವೀಕೊ ವಲ್ಲಾರಿಯ ಸಾನ್ ಜೆನೇಸಿಯೊ ಇಗರ್ಜಿಯಲ್ಲಿ; ಅದೇ 22ನೆಯ ತಾಣ. ಫ್ರಾಂಚೀಜೆನವೆಂಬ ಹೆಸರು ಪತ್ರಗಳಲ್ಲಿ ಕಾಣುವುದಕ್ಕೆ ಒಂದೂವರೆ ಶತಮಾನಕ್ಕೂ ಮೊದಲೇ ಈ ಇಗರ್ಜಿಗಳಿಗೆ ಜನ ನಡೆದು ಬರುತ್ತಿದ್ದರೆಂಬುದರಲ್ಲಿ ಸಂಶಯಕ್ಕೆಡೆಯಿಲ್ಲ.

ಸಾನ್ ಜೆನೇಸಿಯೊವಿನ ಮುಂದಿನ ಕಥೆ ದುಃಖಕರವಾದುದು. 1197ರಲ್ಲಿ ತೊಸ್ಕಾನದ ನಗರಗಳು ಚಕ್ರವರ್ತಿಯ ಅಧಿಕಾರಕ್ಕೆ ಎದುರಾಗಿ ಒಕ್ಕೂಟದ ಪ್ರತಿಜ್ಞೆಯನ್ನು ಮಾಡಿದುದು ಇಲ್ಲಿಯೇ. ಬೆಟ್ಟದ ಮೇಲಿನ ಸಾನ್ ಮಿನಿಯಾತೊವಾದರೋ ಚಕ್ರವರ್ತಿಯ ಅಧಿಕಾರಿಗಳ ನೆಲೆಯಾಗಿ ಬಲಿಯಿತು. 1248ರಲ್ಲಿ ಅಲ್ಲಿನವರು ಇಳಿದು ಬಂದು ಕೆಳಗಿನ ಊರನ್ನು ನೆಲಸಮ ಮಾಡಿದರು. ಮತ್ತೆ ಆ ಊರು ಏಳಲಿಲ್ಲ. 2001ರಿಂದ ಪೀಸಾ ವಿಶ್ವವಿದ್ಯಾನಿಲಯದವರು ನಡಸಿದ ಉತ್ಖನನದಲ್ಲಿ ದೊಡ್ಡದೊಂದು ಇಗರ್ಜಿಯ ತಳಪಾಯವೂ ಅದರ ಸುತ್ತಲ ವಸತಿಯ ಕುರುಹುಗಳೂ ಹೊರಬಿದ್ದಿವೆ. ನಗರಗಳ ಪ್ರತಿನಿಧಿಗಳು ಸೇರಿದ್ದ ಸ್ಥಳವು ಏಳು ಶತಮಾನಗಳಿಗೂ ಮಿಕ್ಕಿ ಬೇಸಾಯದ ಮಣ್ಣಿನ ಕೆಳಗೆ ಮಲಗಿತ್ತು. ಅದೇ ಕಣಿವೆಯ ಗುಡ್ಡದ ಮೇಲೆ, ಯಾವ ಮಹಾಘಟನೆಯನ್ನೂ ಕಾಣದ ಕೊಯಾನೊ ಇಂದಿಗೂ ನಿಂತಿದೆ.

ಕಟ್ಟಡಗಳ ವಿಷಯದಲ್ಲಿ ಒಂದೆರಡು ಮಾತು ಸಾಕು. ಮಾಗ್ರಾ ಕಣಿವೆಯಲ್ಲಿ ಫಿಲಾತ್ತಿಯೇರದ ಬಳಿಯಿರುವ ಸೊರಾನೊವಿನ ಪಿಯೇವೆಯನ್ನು ಹೊಳೆಯ ಗುಂಡುಕಲ್ಲುಗಳಿಂದ ಕಟ್ಟಿದ್ದಾರೆ. ಅಲ್ಲಿಯೇ ತಾಮ್ರಯುಗಕ್ಕೆ ಸಂಬಂಧಿಸಿದ ಮಾನವಾಕೃತಿಯ ನಿಲುಗಲ್ಲುಗಳು ದೊರೆತಿರುವುದರಿಂದ, ಕ್ರಿಸ್ತನ ಹೆಸರು ಕೇಳಿಬರುವುದಕ್ಕೆ ಬಹುಕಾಲ ಮೊದಲೇ ಅದು ಪೂಜ್ಯಸ್ಥಳವಾಗಿದ್ದಿತೆಂದು ಹೇಳಬಹುದು. ಘಟ್ಟದ ಆಚೆ ಫಿದೆಂತ್ಸದ ದೇವಾಲಯದ ಮುಖಭಾಗದಲ್ಲಿ ಅಪೊಸ್ತಲ ಸಿಮೋನನ ಶಿಲ್ಪವೊಂದಿದೆ. ರೋಮಿನ ದಾರಿ ಇದೇ ಎಂದು ಅವನ ಶಾಸನಪಟ್ಟಿಕೆ ಹೇಳುತ್ತದೆ. ಸಂತನೇ ಕೈಮರವಾಗಿ ನಿಂತ ಇಂಥ ನಿದರ್ಶನವು ಅಪೂರ್ವ.

ಇಗರ್ಜಿಗೂ ಇಗರ್ಜಿಗೂ ನಡುವೆ ದಾರಿಯನ್ನು ಕಾಯುವುವು ಸಣ್ಣ ಗುಡಿಗಳು. ಲುನಿಜಾನ ಸೀಮೆಯಲ್ಲಿ ಇವಕ್ಕೆ ‘ಮಾಯೆಸ್ತಾ’ ಎಂದು ಹೆಸರು. ಕರ್ರಾರದ ಅಮೃತಶಿಲೆಯ ಚಿಕ್ಕ ಉಬ್ಬುಶಿಲ್ಪಗಳನ್ನು ಮನೆಯ ಗೋಡೆಯಲ್ಲಿಯೋ ದಾರಿಯ ಕವಲಿನಲ್ಲಿಯೋ ನಿಲ್ಲಿಸಿದ್ದಾರೆ. ತೊಸ್ಕಾನದ ಒಳನಾಡಿನಲ್ಲಿ ಚಿತ್ರ ಬರೆದ ಗೂಡುಗಳೇ ಹೆಚ್ಚು. ಎಲ್ಸಾ ಕಣಿವೆಯಲ್ಲಿ ಬೆನೊತ್ಸೊ ಗೊತ್ಸೊಲಿಯು 1484ರಲ್ಲಿ ಚಿತ್ರಿಸಿದ ಒಂದು ಗುಡಿಗೆ ‘ಕೆಮ್ಮಿನ ಮಾತೆ’ ಎಂದು ಹೆಸರು. ಕೆಮ್ಮು ಹತ್ತಿದ ಮಕ್ಕಳಿಗಾಗಿ ಅಲ್ಲಿ ಹರಕೆ ಹೊರುತ್ತಿದ್ದರು. ಮೆದಿಚಿಗಳ ಅರಮನೆಯ ಗೋಡೆಗಳನ್ನು ತುಂಬಿದ ಕುಂಚವು ದಾರಿಹೋಕರಿಗಾಗಿಯೂ ದುಡಿಯಿತು. ತೇವದಿಂದ ಕೆಡುತ್ತಿದ್ದ ಈ ಚಿತ್ರಗಳನ್ನೂ 1491ರ ಇನ್ನೊಂದು ಗುಡಿಯ ಚಿತ್ರಗಳನ್ನೂ ಗೋಡೆಯಿಂದ ಬಿಡಿಸಿ, ಈಗ ಕಾಸ್ತೆಲ್‌ಫಿಯೊರೆಂತೀನೊವಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಚಿತ್ರಗಳು ಉಳಿದುವು, ದಾರಿ ತನ್ನ ಕಾವಲನ್ನು ಕಳೆದುಕೊಂಡಿತು. ಬೇರೆ ಉಪಾಯವಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

1994ರಲ್ಲಿ ಯೂರೋಪಿನ ಪರಿಷತ್ತು ಈ ಮಾರ್ಗವನ್ನು ಸಾಂಸ್ಕೃತಿಕ ಮಾರ್ಗವೆಂದು ಮನ್ನಿಸಿತು. ಈಗ ನಡೆಯುವವರಿಗೊಂದು, ಸೈಕಲ್ಲಿನವರಿಗೊಂದು ಎಂದು ಗುರುತು ಹಾಕಿದ ದಾರಿಗಳಿವೆ. ಹಳೆಯ ಜಾಡು ಅನೇಕ ಕಡೆ ಮೋಟಾರು ರಸ್ತೆಯ ಕೆಳಗೆ ಹೂತುಹೋಗಿರುವುದರಿಂದ, ಹೊಸ ದಾರಿಯನ್ನು ಹೊಲಗಳ ನಡುವೆ ಸುತ್ತಿಸಿ ತಂದಿದ್ದಾರೆ. ಇದನ್ನು ಕೃತ್ರಿಮವೆಂದು ಹಳಿಯುವವರುಂಟು. ಗೆರೆಯೇ ದಾರಿ ಎಂದು ಭಾವಿಸಿದರೆ ಆ ಆಕ್ಷೇಪಣೆಯು ಸರಿ. ಗಂಟುಗಳೇ ದಾರಿಯಾದರೆ ಅದಕ್ಕೆ ಬಲವಿಲ್ಲ, ಏಕೆಂದರೆ ಹೊಸ ದಾರಿಯೂ ಕಿಯಾನ್ನಿಗೆ, ಕೊಯಾನೊವಿಗೆ, ಸಾನ್ ಕ್ವಿರಿಕೊವಿಗೆ ಹೋಗುತ್ತದೆ. ಸೈಕಲ್ಲಿನಿಂದ ಆದ ಒಂದು ಉಪಕಾರವನ್ನು ಇಲ್ಲಿ ಮರೆಯಲಾಗದು. ಫ್ರಾಂಚೀಜೆನದ ಪೂರ್ವಕ್ಕಿರುವ ಕಿಯಾಂತಿ ಸೀಮೆಯ ಗಾಯೋಲೆ ಎಂಬಲ್ಲಿ 1997ರಲ್ಲಿ ಆರಂಭವಾದ ‘ಎರೋಯಿಕ’ ಎಂಬ ಸೈಕಲ್ ಸವಾರಿಯ ಉದ್ದೇಶಗಳಲ್ಲಿ, ತೊಸ್ಕಾನದ ಬಿಳಿಯ ಜಲ್ಲಿದಾರಿಗಳು ಡಾಂಬರಿನ ಕೆಳಗೆ ಹೋಗದಂತೆ ಉಳಿಸುವುದೂ ಒಂದಾಗಿತ್ತು.

ಆದರೆ ಪ್ಲೆಬ್ಸ್ ಎಲ್ಲಿ? ಹದಿನಾರನೆಯ ಶತಮಾನದ ತ್ರೆಂತ್ ಮಹಾಸಭೆಯ ಅನಂತರ ಸಣ್ಣ ಇಗರ್ಜಿಗಳಿಗೂ ಸ್ನಾನಕೊಳಗಳು ದೊರೆತು ಪಿಯೇವೆಯ ಹಿರಿಮೆ ಇಳಿಯಿತು. ಇಪ್ಪತ್ತನೆಯ ಶತಮಾನದ ನಡುವಿನಿಂದ ಒಕ್ಕಲು ಮನೆಗಳು ಬರಿದಾಗಿ ಜನರು ಪಟ್ಟಣ ಸೇರಿದರು. ಎಷ್ಟೋ ಪಿಯೇವೆಗಳ ಬಾಗಿಲು ಇಂದು ವರ್ಷದ ಹೆಚ್ಚು ದಿನಗಳಲ್ಲಿ ಮುಚ್ಚಿರುತ್ತದೆ. ಬೀಗದ ಕೈ ಪಕ್ಕದ ಮನೆಯಲ್ಲಿ ದೊರೆಯುವುದೂ ಉಂಟು, ದೊರೆಯದಿರುವುದೂ ಉಂಟು. ಗುಂತೆರಾಮನು ಈಗ ಮತ್ತೆ ವಿಚಾರಣೆಗೆ ಬಂದರೆ, ಆ ಊರಿನ ಸಾಕ್ಷಿಗಳಿಗಿಂತ ಹೊರಗಿನಿಂದ ನಡೆದು ಬಂದವರೇ ಅವನಿಗೆ ಹೆಚ್ಚಾಗಿ ಸಿಕ್ಕಾರು.