ಹೆಬ್ಬೆಟ್ಟು, ಸಹಿ, ಓದು



ಸೆಪ್ಟೆಂಬರ್ 8 ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಾತೆ ಮರಿಯಮ್ಮನವರ ಜನನೋತ್ಸವ. ಒಂಬತ್ತು ದಿನಗಳ ನೊವೇನ, ಶಿವಾಜಿನಗರದ ಬೆಸಿಲಿಕಾದತ್ತ ಹರಿದು ಬರುವ ಜನಸಾಗರ, ಸಂಜೆಯ ತೇರು. ಅದೇ ದಿನಕ್ಕೆ ಇನ್ನೊಂದು ಹೆಸರೂ ಉಂಟು: ಅಂತರರಾಷ್ಟ್ರೀಯ ಸಾಕ್ಷರತಾ ದಿನ. 1965ರ ಸೆಪ್ಟೆಂಬರ್ 8ರಂದು ಇರಾನಿನ ತೆಹರಾನ್ ನಗರದಲ್ಲಿ ನಾನಾ ದೇಶಗಳ ಶಿಕ್ಷಣ ಸಚಿವರು ಅನಕ್ಷರತೆಯ ನಿವಾರಣೆಗೆಂದು ಸಭೆ ಸೇರಿದ್ದರು. ಅದರ ನೆನಪಿಗೆ ಯುನೆಸ್ಕೊ ಸಂಸ್ಥೆ ಮರುವರ್ಷ ಈ ದಿನವನ್ನು ಗೊತ್ತುಮಾಡಿತು. 1967ರಿಂದ ಆಚರಣೆ ನಡೆದು ಬಂದಿದೆ. ಎರಡೂ ಒಂದೇ ದಿನ ಕೂಡಿಬಂದದ್ದು ಕಾಕತಾಳೀಯ. ಆದರೆ ಅದೇ 1967ರ ಮಾರ್ಚ್ ತಿಂಗಳಲ್ಲಿ ಜಗದ್ಗುರು ಆರನೆಯ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ವಿದ್ಯೆಯ ಹಸಿವನ್ನು ಅನ್ನದ ಹಸಿವಿಗೆ ಹೋಲಿಸಿದ್ದರು ಎಂಬುದನ್ನು ನೆನೆದಾಗ, ಈ ಎರಡನೆಯ ಆಚರಣೆಯೂ ನಮಗೆ ಹೊರಗಿನದಲ್ಲ ಎನಿಸುತ್ತದೆ.

ನಮ್ಮಲ್ಲಿ ಅನೇಕ ಕುಟುಂಬಗಳು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಪೀಣ್ಯಗಳ ಸುತ್ತಮುತ್ತ ಬಾಳುತ್ತಿವೆ. ಗಾಜಿನ ಕಟ್ಟಡಗಳ ಈ ಸೀಮೆಯಲ್ಲಿ ಓದು ಬಾರದವರು ಯಾರಿದ್ದಾರೆ ಎಂದು ನಾವು ಕೇಳಬಹುದು. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇಕಡ 87.67. ರಾಜ್ಯದ ಸರಾಸರಿ 75.36 ಮಾತ್ರ. ಹೆಮ್ಮೆಪಡುವ ಅಂಕೆಯೇ ಸರಿ. ಆದರೆ ಆಗ ಜಿಲ್ಲೆಯ ಜನಸಂಖ್ಯೆ 96 ಲಕ್ಷ. ಏಳು ವರ್ಷ ತುಂಬದ ಮಕ್ಕಳನ್ನು ಬಿಟ್ಟು ಉಳಿದವರಲ್ಲಿ ನೂರಕ್ಕೆ ಹನ್ನೆರಡು ಮಂದಿ ಎಂದು ಲೆಕ್ಕ ಹಾಕಿದರೆ, ಓದು ಬರಹ ಬಾರದವರು ಸುಮಾರು ಹತ್ತು ಲಕ್ಷ! ಇಷ್ಟು ದೊಡ್ಡ ಸಮುದಾಯ ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ಇದಕ್ಕೆ ಉತ್ತರ ಸಿಗಬೇಕಾದರೆ ನಮ್ಮ ನಾಡಿನಲ್ಲಿ ವಯಸ್ಕರ ಶಿಕ್ಷಣ ನಡೆದುಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಬೇಕು.

ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ನಮ್ಮಲ್ಲಿ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ವಯಸ್ಕರಿಗಾಗಿ ರಾತ್ರಿ ಶಾಲೆಗಳೂ ಗ್ರಂಥಾಲಯಗಳೂ ತೆರೆದವು. ಅವರು ಅಧಿಕಾರ ಬಿಟ್ಟ ಮೇಲೆ ಆ ದೀಪ ಮಂಕಾಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅದನ್ನು ಮತ್ತೆ ಹಚ್ಚಿದರು. ಆ ಪ್ರಯತ್ನದಿಂದ ಬೆಳೆದ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಓದು ಕಲಿತವರಿಗಾಗಿಯೇ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿತು. ಅಕ್ಷರ ಕಲಿಸಿ ಕೈಬಿಟ್ಟರೆ ಕಲಿತದ್ದು ಮರೆತುಹೋಗುತ್ತದೆ, ಕಲಿತವರ ಕೈಗೆ ಓದಲು ಏನಾದರೂ ಸಿಗುತ್ತಿರಬೇಕು ಎಂಬ ತಿಳಿವಳಿಕೆ ಅವರಿಗೆ ಅಂದೇ ಇತ್ತು.

ಸ್ವಾತಂತ್ರ್ಯಾನಂತರ 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಪ್ರಾರಂಭವಾಯಿತು. ಐದು ವರ್ಷಗಳಲ್ಲಿ 15ರಿಂದ 35 ವರ್ಷದೊಳಗಿನ ಹತ್ತು ಕೋಟಿ ಜನರಿಗೆ ಅಕ್ಷರ ಕಲಿಸುವ ಗುರಿ. ಊರಿಗೊಂದು ರಾತ್ರಿ ಕೇಂದ್ರ, ಕೇಂದ್ರಕ್ಕೆ ಮೂವತ್ತು ಮಂದಿ, ಒಂದು ಲಾಂದ್ರ, ಕಲಿಸುವವರಿಗೆ ತಿಂಗಳಿಗೆ ಐವತ್ತು ರೂಪಾಯಿ ಗೌರವಧನ. ಎರಡು ವರ್ಷಗಳಲ್ಲೇ ಸರ್ಕಾರ ಬದಲಾಗಿ ಅದರ ವೇಗ ತಗ್ಗಿತು. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಕೇರಳದ ಎರ್ನಾಕುಳಂ 1990ರ ಫೆಬ್ರವರಿಯಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿದಾಗ ದೇಶದಲ್ಲೆಲ್ಲ ಉತ್ಸಾಹದ ಅಲೆ ಎದ್ದಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡವೂ ಅಂದಿನ ಬಿಜಾಪುರವೂ ಈ ಆಂದೋಲನದ ಮೊದಲ ಜಿಲ್ಲೆಗಳ ಸಾಲಿನಲ್ಲಿದ್ದವು. ಬೀದಿನಾಟಕ, ಜಾಥಾ, ಹಾಡು, ಕುಣಿತಗಳೊಂದಿಗೆ ಕಾಲೇಜು ಹುಡುಗ ಹುಡುಗಿಯರು ಮನೆಮನೆಗೆ ಹೋದರು. ಅವರಿಗೆ ಸಂಬಳವಿರಲಿಲ್ಲ. ಮೂರು ಪುಟ್ಟ ಪುಸ್ತಕಗಳು, ಸುಮಾರು 200 ಗಂಟೆಗಳ ಪಾಠ.

ಆ ಪಾಠಗಳಿಂದ ಏನಾಯಿತು ಎಂಬುದಕ್ಕೆ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯೇ ಸಾಕ್ಷಿ. ಅಲ್ಲಿನ ದೂಬಗುಂಟ ಎಂಬ ಹಳ್ಳಿಯ ಹೆಂಗಸರು 1990ರ ದಶಕದ ಆರಂಭದಲ್ಲಿ ಸಾಕ್ಷರತಾ ತರಗತಿಗಳಲ್ಲಿ ಕಲಿಯುತ್ತಿದ್ದರು. ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಹೆಂಗಸರ ಕಥೆ ಅವರ ಪಾಠದಲ್ಲಿ ಬಂತು. ಓದಿ ಸುಮ್ಮನಿರದೆ ತಮ್ಮೂರಿನ ಅಂಗಡಿಯನ್ನೂ ಮುಚ್ಚಿಸಿದರು. ಆ ಕಿಡಿ ರಾಜ್ಯಕ್ಕೆಲ್ಲ ಹಬ್ಬಿ, 1993ರಲ್ಲಿ ಅಲ್ಲಿನ ಸರ್ಕಾರ ಸಾರಾಯಿಯನ್ನೇ ನಿಷೇಧಿಸಬೇಕಾಯಿತು.

ಮುಂದೆ 2009ರ ಸೆಪ್ಟೆಂಬರ್ 8ರಂದು ‘ಸಾಕ್ಷರ ಭಾರತ’ ಯೋಜನೆ ಆರಂಭವಾಯಿತು. ಹೆಂಗಸರ ಸಾಕ್ಷರತೆ ಶೇಕಡ 50ಕ್ಕಿಂತ ಮೇಲೇರದ ಜಿಲ್ಲೆಗಳನ್ನು ಅದು ಆರಿಸಿಕೊಂಡಿತು, ಅದರಲ್ಲಿಯೂ ಗ್ರಾಮಾಂತರ ಭಾಗಗಳನ್ನು ಮಾತ್ರ. ಹಳ್ಳಿಗಳಿಗೆ ಮೊದಲ ಸ್ಥಾನ ಕೊಟ್ಟದ್ದು ನ್ಯಾಯವೇ. ಆದರೆ ಬೆಂಗಳೂರು ನಗರ ಜಿಲ್ಲೆ ಆ ಅಳತೆಗೆ ಸಿಗಲಿಲ್ಲ. 2018ರ ಮಾರ್ಚ್ 31ಕ್ಕೆ ಆ ಯೋಜನೆಯೂ ಮುಗಿಯಿತು. ಗ್ರಾಮ ಪಂಚಾಯಿತಿಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿದ ‘ಪ್ರೇರಕರು’ ಮನೆಗೆ ಹೋದರು.

ಇದೇ ಅವಧಿಯಲ್ಲಿ ನಮ್ಮ ಊರಂಚುಗಳಲ್ಲಿ ನಡೆದದ್ದೇನು? 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಎದ್ದ ವೈಟ್‌ಫೀಲ್ಡ್ ಬಹುಕಾಲ ಒಂದು ಶಾಂತ ಹಳ್ಳಿಯಾಗಿಯೇ ಇತ್ತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್, ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ಎದ್ದು ನಿಂತಿತು. ಈ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು, ನೆಲ ಒರೆಸುವವರು, ಗೇಟು ಕಾಯುವವರು ಬಂದದ್ದು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ; ಗಡಿಯಾಚೆಯ ತಮಿಳುನಾಡು, ಆಂಧ್ರಗಳಿಂದ; ಈಚೆಗೆ ಒಡಿಶಾ, ಬಂಗಾಳ, ಬಿಹಾರಗಳಿಂದ. ಹಳ್ಳಿಯಲ್ಲಿ ಸಾಕ್ಷರತಾ ಕೇಂದ್ರ ತೆರೆದಾಗ ಅವರು ನಗರದಲ್ಲಿ ಕೆಲಸದಲ್ಲಿದ್ದರು. ನಗರದಲ್ಲಿಯೋ ಕೇಂದ್ರವೇ ಇರಲಿಲ್ಲ. ಯೋಜನೆ ಹಳ್ಳಿಯನ್ನು ಹುಡುಕಿಕೊಂಡು ಹೋದಾಗ ಹಳ್ಳಿಯವರು ಇಲ್ಲಿಗೆ ಬಂದುಬಿಟ್ಟಿದ್ದರು. ಆ ಹತ್ತು ಲಕ್ಷ ಮಂದಿ ನಮ್ಮ ಕಣ್ಣು ತಪ್ಪಿದ್ದು ಹೀಗೆ.

ಸಹಿ ಹಾಕಲು ಬಂದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಯಾವುದಾದರೊಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲೂ ಬರೆಯಲೂ ಬಲ್ಲವರನ್ನು ಮಾತ್ರ ಜನಗಣತಿ ಸಾಕ್ಷರರೆಂದು ಎಣಿಸುತ್ತದೆ. ಹೆಬ್ಬೆಟ್ಟು ಒತ್ತುವವರಿಗೆ ತನಗೆ ಓದಲು ಬಾರದು ಎಂಬ ಎಚ್ಚರವಾದರೂ ಇರುತ್ತದೆ. ಸಹಿ ಮಾತ್ರ ಕಲಿತವರು ಓದದ ಕಾಗದಕ್ಕೂ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಸಂಬಳದ ಚೀಟಿ, ಬಾಡಿಗೆ ಕರಾರು, ಚೀಟಿ ಹಣದ ಲೆಕ್ಕ, ಆಸ್ಪತ್ರೆಯ ಒಪ್ಪಿಗೆ ಪತ್ರ, ಎಲ್ಲಕ್ಕೂ ಒಂದೇ ಸಹಿ.

2016ರ ಏಪ್ರಿಲ್ 18 ಮತ್ತು 19ರಂದು ನಡೆದದ್ದನ್ನು ನಾವು ಮರೆತಿಲ್ಲ. ಹೊಸೂರು ರಸ್ತೆಯಲ್ಲಿಯೂ ಪೀಣ್ಯದ ಬಳಿ ತುಮಕೂರು ರಸ್ತೆಯಲ್ಲಿಯೂ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅದರಲ್ಲೂ ಹೆಣ್ಣುಮಕ್ಕಳು, ರಸ್ತೆಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಆ ಫೆಬ್ರವರಿಯಲ್ಲಿ ಹೊರಟಿತ್ತು. ಮಗಳ ಮದುವೆಗೆ, ಮಗನ ಫೀಸಿಗೆ ನೆಚ್ಚಿಕೊಂಡಿದ್ದ ಹಣ ಅದು. ಕಲ್ಲು ತೂರಾಟ, ಲಾಠಿ, ಅಶ್ರುವಾಯು ಎಲ್ಲವೂ ಆಗಿ 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳಲ್ಲಿ ಅನೇಕರು ಶಾಲೆ ಕಂಡವರೇ. ಆದರೆ ಕೇಂದ್ರದ ರಾಜ್ಯಪತ್ರ ಹೊರಡುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ತಮ್ಮ ದುಡಿಮೆಯ ಹಣವನ್ನು ಕುರಿತ ಕಾಗದವನ್ನು ತಾವೇ ಓದಿಕೊಳ್ಳಲಾಗದ ಸ್ಥಿತಿ ಶಾಲೆ ಕಂಡವರದ್ದೇ ಆದರೆ, ಕಾಣದವರ ಗತಿ ಏನು?

ಹಾಗಾದರೆ ದೊಡ್ಡವರಿಗೆ ಕಲಿಸುವುದು ಹೇಗೆ? 1963ರಲ್ಲಿ ಬ್ರೆಜಿಲ್ ದೇಶದ ಆಂಜಿಕೋಸ್ ಎಂಬ ಬಡ ಊರಿನಲ್ಲಿ ಪಾವ್ಲೊ ಫ್ರೇರೆ ಎಂಬ ಶಿಕ್ಷಣತಜ್ಞರು ಸುಮಾರು 300 ಕೂಲಿಕಾರರಿಗೆ ನಲವತ್ತು ಗಂಟೆಗಳ ಪಾಠದಲ್ಲಿ ಓದು ಕಲಿಸಹೊರಟರು. ವರ್ಣಮಾಲೆಯನ್ನು ಉರುಹೊಡೆಸದೆ, ಕಲಿಯುವವರ ಬದುಕಿನ ಮಾತುಗಳಿಂದಲೇ ಆರಂಭಿಸುವುದು ಅವರ ಪದ್ಧತಿ. ಕಟ್ಟಡ ಕೆಲಸದವರಿಗೆ ‘ಇಟ್ಟಿಗೆ’ಯೇ ಮೊದಲ ಪಾಠ. ಇಟ್ಟಿಗೆ ಹೊರುವವರು ಯಾರು, ಮನೆ ಯಾರದು, ಕೂಲಿ ಎಷ್ಟು ಎಂಬ ಮಾತು ನಡೆದ ಮೇಲೆ ಅಕ್ಷರ ಬರುತ್ತಿತ್ತು. ಮರುವರ್ಷ ಅಲ್ಲಿ ಸೈನ್ಯದ ಆಡಳಿತ ಬಂದು ಫ್ರೇರೆಯವರನ್ನು ಸೆರೆಗೆ ಹಾಕಿತು. ಕೂಲಿಯವರು ಓದು ಕಲಿಯುವುದು ಆಳುವವರಿಗೆ ಅಷ್ಟು ಭಯ ಹುಟ್ಟಿಸಿತ್ತು.

ನಮ್ಮ ಕನ್ನಡದಲ್ಲಿಯೂ ಅಂಥ ಜಾಣ್ಮೆ ಉಂಟು. ನಮ್ಮ ಸರ್ಕಾರಿ ಶಾಲೆಗಳ ನಲಿ–ಕಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಅಕ್ಷರಗಳನ್ನು. ಈ ಐದರಲ್ಲೇ ಸರ, ಗರಗಸ, ಅಗಸ, ದರ ಎಂಬ ಮಾತುಗಳು ಹುಟ್ಟುತ್ತವೆ. ಬಡಗಿಗೆ ಗರಗಸವೂ ಸಂತೆಗೆ ಹೋಗುವ ತಾಯಿಗೆ ದರವೂ ಮೊದಲ ದಿನವೇ ಕೈಗೆ ಸಿಕ್ಕರೆ ಎರಡನೆಯ ದಿನ ಬರುವ ಮನಸ್ಸಾಗುತ್ತದೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿನ ಕಡೆಗೆ ಹೋಗುವ 335ಇ ಬಸ್ಸನ್ನು ಅಂಕಿಯ ಆಕಾರ ನೋಡಿ ಹತ್ತುವವರು ಎಷ್ಟೋ ಮಂದಿ. ಅವರಿಗೆ ಬಸ್ಸಿನ ಬೋರ್ಡೇ ಮೊದಲ ಪುಸ್ತಕವಾಗಬಹುದು.

ಕಲಿಸುವವರಿಗೆ ಕೊರತೆಯಿಲ್ಲ. ನಮ್ಮ ಕಂಪನಿಗಳಲ್ಲಿ ಸೇವೆ ಮಾಡುವ ಮನಸ್ಸುಳ್ಳ ಯುವಜನ ಬಹಳ. 2000ದ ಸುಮಾರಿಗೆ ಟಿಸಿಎಸ್ ಸಂಸ್ಥೆಯ ಎಫ್.ಸಿ. ಕೊಹ್ಲಿಯವರು ಕಂಪ್ಯೂಟರಿನ ನೆರವಿನಿಂದ ವಯಸ್ಕರಿಗೆ ಓದು ಕಲಿಸುವ ಪ್ರಯೋಗವನ್ನು ತೆಲುಗಿನಲ್ಲಿ ಆರಂಭಿಸಿ ಬೇರೆ ಭಾಷೆಗಳಿಗೂ ಒಯ್ದರು. ತೊಡಕು ಇರುವುದು ಸಮಯ ಹೊಂದುವುದರಲ್ಲಿ. ಸ್ವಯಂಸೇವಕರಿಗೆ ಬಿಡುವು ಸಿಗುವುದು ಭಾನುವಾರ. ದುಡಿಯುವ ಹೆಂಗಸಿಗೆ ಭಾನುವಾರವೆಂದರೆ ವಾರದ ಬಟ್ಟೆ ಒಗೆಯುವ ದಿನ, ರೇಷನ್ ತರುವ ದಿನ, ಊರಿನಲ್ಲಿರುವ ಮಗುವಿನೊಂದಿಗೆ ಫೋನಿನಲ್ಲಿ ಮಾತನಾಡುವ ದಿನ. ಹನ್ನೆರಡು ಗಂಟೆಯ ಪಾಳಿ ಮುಗಿಸಿದ ಸೆಕ್ಯುರಿಟಿ ಅಣ್ಣನಿಗೆ ಪುಸ್ತಕಕ್ಕಿಂತ ನಿದ್ದೆಯೇ ಬೇಕು. ಕಲಿಯುವವರು ನಮ್ಮ ಬಿಡುವಿಗೆ ಬರಬೇಕೆಂದರೆ ಬರುವುದಿಲ್ಲ, ನಾವೇ ಅವರ ಬಿಡುವಿಗೆ ಹೋಗಬೇಕು. ಮಧ್ಯಾಹ್ನದ ಊಟದ ಅರ್ಧ ಗಂಟೆ, ಕೆಲಸ ಮುಗಿಸಿ ಹೊರಡುವ ಮುನ್ನ ಹದಿನೈದು ನಿಮಿಷ, ಹೀಗೆ.

ಇನ್ನೊಂದು ಮಾತು. ಕಲಿಸುವವರೆಲ್ಲ ಕೊಡುವವರು, ಕಲಿಯುವವರೆಲ್ಲ ಪಡೆಯುವವರು ಎಂಬ ಎಣಿಕೆ ಈ ಊರಂಚುಗಳಲ್ಲಿ ನಿಲ್ಲುವುದಿಲ್ಲ. ಹೊರರಾಜ್ಯದಿಂದ ಬಂದ ಎಂಜಿನಿಯರಿಗೆ ಕನ್ನಡದ ಒಂದು ಬೋರ್ಡೂ ಓದಲು ಬಾರದು. ಆ ಮಟ್ಟಿಗೆ ಅವರೂ ಇಲ್ಲಿ ಅನಕ್ಷರಸ್ಥರೇ. ಮನೆಗೆಲಸದ ಅಕ್ಕನಿಗೆ ಮಾತಿದೆ, ಅಕ್ಷರವಿಲ್ಲ. ಇಬ್ಬರೂ ಒಂದೇ ಸ್ಲೇಟಿನ ಮುಂದೆ ಕುಳಿತರೆ ಯಾರು ಗುರು, ಯಾರು ಶಿಷ್ಯರು? ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವೂ ಸೇರಿದಂತೆ ನಮ್ಮ ರಾಜ್ಯದ ಸೆರೆಮನೆಗಳಲ್ಲಿ ‘ಕಲಿಕೆಯಿಂದ ಬದಲಾವಣೆ’ ಎಂಬ ಹೆಸರಿನಲ್ಲಿ ಓದು ಬಲ್ಲ ಬಂದಿಗಳೇ ಬಾರದವರಿಗೆ ಕಲಿಸಿದ್ದಾರೆ. ಗೋಡೆಯ ಒಳಗೆ ಆಗುವುದು ಹೊರಗೆ ಆಗದೇ?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಇಥಿಯೋಪಿಯದ ಅಧಿಕಾರಿಯನ್ನು ನಾವು ಬಲ್ಲೆವು. ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ ಆತನಿಗೆ ಅಕ್ಷರ ತಿಳಿದಿತ್ತು, ಅರ್ಥ ತಿಳಿದಿರಲಿಲ್ಲ. ಫಿಲಿಪ್ಪನು ರಸ್ತೆಯಲ್ಲಿ ನಿಂತು ಉಪದೇಶಿಸಲಿಲ್ಲ. ರಥವನ್ನು ಹತ್ತಿ ಪಕ್ಕದಲ್ಲಿ ಕುಳಿತನು. ರಾತ್ರಿ ಶಾಲೆಯ ಕಾಲದಿಂದ ಇಂದಿನವರೆಗೆ ಸಾಕ್ಷರತೆಯ ಕೆಲಸ ಉಳಿದುಬಂದಿರುವುದು ಹೀಗೆ ಪಕ್ಕದಲ್ಲಿ ಕುಳಿತವರಿಂದಲೇ. ಯೋಜನೆಗಳಿಗೆ ಆರಂಭದ ದಿನವೂ ಮುಗಿಯುವ ದಿನವೂ ಇದ್ದವು. ಒಮ್ಮೆ ಓದು ಕಲಿತವರಿಗೆ ಆ ಓದು ಉಳಿಯಿತು.

2022ರಿಂದ 2027ರವರೆಗೆಂದು ಗೊತ್ತುಮಾಡಿರುವ ‘ಉಲ್ಲಾಸ್’ ಎಂಬ ಕೇಂದ್ರದ ಕಾರ್ಯಕ್ರಮಕ್ಕೆ ಹಳ್ಳಿ–ನಗರವೆಂಬ ಭೇದವಿಲ್ಲ. 15 ವರ್ಷ ದಾಟಿದ ಯಾರೇ ಆಗಲಿ ಸೇರಬಹುದು. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಓದು, ಬರಹ, ಲೆಕ್ಕ ಪ್ರತಿಯೊಂದಕ್ಕೂ 50ರಂತೆ 150 ಅಂಕಗಳ ಸರಳ ಪರೀಕ್ಷೆ ಇದೆ, ಪ್ರಮಾಣಪತ್ರವೂ ಇದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಲೋಕ ಶಿಕ್ಷಣ ಇಲಾಖೆಯನ್ನು ಕೇಳಬಹುದು.

ಈ ಸಲ ಮರಿಯಮ್ಮನವರ ಹಬ್ಬಕ್ಕೆ ನಮ್ಮ ಧರ್ಮಕೇಂದ್ರದ ಪ್ರತಿ ಮನೆಯವರೂ ತಮ್ಮ ಸುತ್ತ ಒಮ್ಮೆ ಕಣ್ಣು ಹಾಯಿಸೋಣ. ಮನೆಗೆಲಸಕ್ಕೆ ಬರುವ ಅಕ್ಕ, ಅಪಾರ್ಟ್‌ಮೆಂಟಿನ ಕಾವಲುಗಾರ ಅಣ್ಣ, ಪಕ್ಕದ ಶೆಡ್ಡಿನಲ್ಲಿರುವ ತಾಯಿ, ಪಿಯುಸಿ ಓದುವ ನಮ್ಮದೇ ಮಗಳಿಗೆ ಕನ್ನಡ ಪತ್ರಿಕೆ ಓದಿ ಹೇಳೆಂದು ಕೇಳುವ ಅಜ್ಜಿ, ಯಾರೇ ಆಗಲಿ ಒಬ್ಬರು. ಅವರನ್ನು ಮೊದಲು ಕೇಳಬೇಕಾದದ್ದು ‘ಓದು ಬರುತ್ತದೆಯೇ’ ಎಂದಲ್ಲ. ಆ ಪ್ರಶ್ನೆ ನಾಚಿಕೆ ತರಿಸುತ್ತದೆ. ‘ನಿಮಗೆ ಯಾವುದನ್ನು ಓದಬೇಕೆಂದು ಆಸೆ’ ಎಂದು ಕೇಳೋಣ. ಮಗನ ಮಾರ್ಕ್ಸ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್, ಜಪಮಾಲೆಯ ಪುಸ್ತಕ, ಬಸ್ಸಿನ ಬೋರ್ಡ್, ಅವರು ಏನು ಹೇಳುತ್ತಾರೋ ಅಲ್ಲಿಂದಲೇ ಪಾಠ ಆರಂಭವಾಗಲಿ.